ಇಪ್ಪತ್ತೆರಡು ಕೆಜಿಯ ಗಾಣ

ತೂಬಿನಕೆರೆಯ ಶೆಡ್ಡಿನಲ್ಲಿ ಮಧ್ಯಾಹ್ನ ಎರಡೂವರೆ.
ಕರೆಂಟು ಈಗಷ್ಟೇ ಬಂದಿದೆ, ಫ್ಯಾನಿಗೆ ಇನ್ನೂ ಅನುಮಾನ.
ಪರದೆಯ ಮೇಲೆ ಕಬ್ಬಿನ ಗಾಣದ ನಡುರೋಲರು
ನಾನು ಎಳೆದ ಕಡೆಗೆಲ್ಲ ತಿರುಗುತ್ತದೆ,
ಬೆರಳಿಗೆ ಹುರುಳಿಕಾಳಿನಷ್ಟೂ ಭಾರವಿಲ್ಲ.

ಹೊರವ್ಯಾಸ ಮುನ್ನೂರು, ತೂತು ನೂರು,
ಉದ್ದ ಮುನ್ನೂರೈವತ್ತು.
ಒಂದನ್ನೂ ಬಿಟ್ಟಿಲ್ಲ ಅಂದುಕೊಂಡು
ತೂಕ ಕೇಳಿದೆ.
ಪುಟ್ಟ ಪೆಟ್ಟಿಗೆ ತೆರೆದು ಹೇಳಿತು:
ಇಪ್ಪತ್ತೆರಡು ಕೆಜಿ.

ಬೆನ್ನ ಹಿಂದೆ ಟೀ ಹೀರುತ್ತಿದ್ದ ಅಂದಾನಿ ಮೇಸ್ತ್ರಿ
ಲೋಟ ಕೆಳಗಿಟ್ಟೇ ನಕ್ಕ.
'ಇಪ್ಪತ್ತೆರಡಾ? ಅಷ್ಟೇ ಆದ್ರೆ ನನ್ ಮೊಮ್ಮಗ್ಳು
ಸೊಂಟದ ಮೇಲೆ ಮಡೀಕಂಡು ಓಯ್ತಾಳೆ ಬುಡವ್ವ.
ಅದ್ರೊಳಗೇನ್ ನೀರ್ ತುಂಬಿದ್ದೀಯಾ?'

ನೀರೇ.
ಇದು ಇಂಥದ್ದು ಅಂತ ಯಾರೂ ಹೇಳದಿದ್ದರೆ
ಈ ಯಂತ್ರ ಎಲ್ಲವನ್ನೂ ನೀರೆಂದೇ ನಂಬುತ್ತದೆ,
ಲೀಟರಿಗೆ ಒಂದು ಕೆಜಿ.
ನಾಲೆ ಹರಿಯುವ ಸೀಮೆಯಲ್ಲಿ ಹುಟ್ಟಿದವಳು,
ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಪಟ್ಟಿ ಬಿಚ್ಚಿದೆ. ಉಕ್ಕು, ಹಿತ್ತಾಳೆ, ಗನ್‌ಮೆಟಲು, ನೈಲಾನು,
ಯಾರಿಗೆ ಬೇಕೋ, ಚಿನ್ನವೂ ಇದೆ.
ಕೆಳಗೆ, ಇನ್ನೂ ಕೆಳಗೆ, ಬೀಡು.
ಬೀಡೆಂದರೆ ಎರಕದ ಕಬ್ಬಿಣ, ಬಿಡಾರವೂ ಹೌದು.
ಒತ್ತಿದೆ.
ಆಕಾರ ಕೂದಲೆಳೆ ಬದಲಾಗಲಿಲ್ಲ,
ಬಣ್ಣವಷ್ಟೇ ಬಾಣಲೆಯ ತಳದಂತೆ ಕಪ್ಪಾಯಿತು.
ನೂರೈವತ್ತೆಂಟು ಕೆಜಿ.
ಮೌಸು ಹಿಡಿದ ಮಣಿಕಟ್ಟು
ಯಾಕೋ ತಾನಾಗಿ ಬಿಗಿಯಿತು.

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವನು
ತೂಕ ಲೆಕ್ಕ ಹಾಕಿಸುತ್ತಿರಲಿಲ್ಲವಂತೆ, ಬರೆಯುತ್ತಿದ್ದನಂತೆ.
ಅದಕ್ಕೂ ಒಂದು ಚೌಕವಿದೆ: ಟಿಕ್ಕು ಹಾಕಿ
ಮನಸ್ಸಿಗೆ ಬಂದ ಅಂಕಿ ತುಂಬಬಹುದು.
ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದ
ಜೂನ್ ಒಂದನೇ ತಾರೀಖಿನ ಹಾಗೆ.
ಆಮೇಲೆ ನೀನು ಬೆಳೆ, ಸೊರಗು, ಕೈಕಾಲು ಮುರಿದುಕೋ,
ಆ ಅಂಕಿಗೆ ಗೊತ್ತಾಗುವುದಿಲ್ಲ.
ಗಾಣದ ಚೌಕಟ್ಟಿಗೆ ಅವನು ಬರೆದದ್ದು ನಾನೂರು.
ಎರಡು ಸಲ ಪಕ್ಕೆಗೆ ತಟ್ಟೆ ಬೆಸೆದರು, ಬುಡ ದಪ್ಪ ಮಾಡಿದರು,
ಕಾಗದದಲ್ಲಿ ನಾನೂರೇ ಉಳಿಯಿತು.
ಅರ್ಧ ಟನ್ನಿನ ಚೈನ್‌ಪುಲ್ಲಿ ಸಾಕು ಅಂತ ಮುನಾವರ್ ಎತ್ತಿದ.

ಅವನು ಈಗಲೂ ಅಗಲ ಚಪ್ಪಲಿಯನ್ನೇ ಹಾಕುತ್ತಾನೆ.
ಎಡಗಾಲಿನ ಎರಡು ಬೆರಳಿನ ಜಾಗಕ್ಕೆ
ಹತ್ತಿ ತುರುಕಿಕೊಂಡು.
ಕೇಳಿದರೆ, 'ತೂಕ ಕಮ್ಮಿ ಆಯ್ತಲ್ಲ ಮೇಡಂ' ಅನ್ನುತ್ತಾನೆ.

ನಾನು ಆ ಚೌಕದ ಟಿಕ್ಕು ತೆಗೆದೆ.
ಒಂದೊಂದೇ ಭಾಗಕ್ಕೆ ಹೋಗಿ ನೀನು ಯಾರು ಅಂತ ಕೇಳಿದೆ.
ಬುಷ್ಷು: ಗನ್‌ಮೆಟಲು. ರಸದ ತಟ್ಟೆ: ಸ್ಟೀಲು.
ನಟ್ಟು ಬೋಲ್ಟುಗಳು ಸಂತೆಯ ಹುಡುಗರಂತೆ
ನೀರು ಕುಡಿದು ಕೂತಿದ್ದವು,
ಅವಕ್ಕೂ ಹೆಸರು ಕೊಟ್ಟೆ.

ಕೊನೆಗೆ ರೋಲರಿನ ತೂಕದ ಕೇಂದ್ರ ತೋರಿಸು ಅಂದೆ.
ಪುಟ್ಟ ಗುರುತೊಂದು ಬಂದು ಕೂತಿತು
ತೂತಿನ ನಟ್ಟನಡುವೆ, ಬರಿಗಾಳಿಯಲ್ಲಿ,
ಒಂದು ಗುಂಜಿ ಕಬ್ಬಿಣವೂ ಇಲ್ಲದ ಕಡೆ.
ನೂರೈವತ್ತೆಂಟು ಕೆಜಿಯೂ ಅಲ್ಲಿ
ಏನೂ ಇಲ್ಲದ್ದರ ಮೇಲೆ ನಿಂತಿತ್ತು.
ಬೆರಗಾಗಿ ಮೇಸ್ತ್ರಿಯನ್ನು ಕರೆದು ತೋರಿಸಿದೆ.
'ಊಂ' ಅಂದ ಅಂದಾನಿ, ಕನ್ನಡಕ ಕೂಡ ಹಾಕಲಿಲ್ಲ,
'ಸರಪಳಿ ಕಟ್ಟೋವಾಗ ನಾ ಆ ತೂತ್ನೇ ನೋಡೋದು.'

ಹದಿನೈದು ದಿನ ಬಿಟ್ಟು ರೋಲರು ಬಂತು,
ಕಡೆದು, ಒರೆಸಿ, ಗ್ರೀಸು ಹಚ್ಚಿಸಿಕೊಂಡು.
ಮುನಾವರ್ ಒಂದು ಟನ್ನಿನ ಪುಲ್ಲಿ ಹಾಕಿ ತಕ್ಕಡಿಗಿಳಿಸಿದ,
ಯಾರೂ ಮಾತಾಡಲಿಲ್ಲ.
ನೂರ ಅರವತ್ತೊಂದು.

ಮೂರು ಕೆಜಿ ಯಾರದು?
'ಬೀಡು ಅಂದ್ರೆ ಎಲ್ಲಾ ಒಂದೇ ಬೀಡಾ?' ಅಂದ ಮೇಸ್ತ್ರಿ,
'ಆವತ್ತಿನ ಕುಲುಮೆ, ಆವತ್ತಿನ ಗುಜರಿ.'
ಪರದೆಯ ಅಂಕಿಯನ್ನು ನಾನು ಮುಟ್ಟಲಿಲ್ಲ.
ಗೋಡೆಗೆ ಅಂಟಿಸಿದ ಹಾಳೆಯಲ್ಲಿ, ನೂರೈವತ್ತೆಂಟರ ಪಕ್ಕ,
ಪೆನ್ಸಿಲಿನಲ್ಲಿ ೧೬೧ ಅಂತ ಬರೆದು
ತಾರೀಖು ಹಾಕಿದೆ.